ಮಗುವಿನ ಕೈಗೆ ಅಳತೆ ಕೊಡಿ

(ಮಕ್ಕಳ ನೀರಿನ ಹಬ್ಬದಲ್ಲಿ ಸ್ವಯಂಸೇವಕರಾಗಿ ದುಡಿಯಲು ಮುಂದೆ ಬಂದ ಕಾಲೇಜು ವಿದ್ಯಾರ್ಥಿಗಳು ಮತ್ತು ಶಿಕ್ಷಕರ ಎದುರು ವಿಜಯಪುರದಲ್ಲಿ ಆಡಿದ ಮಾತುಗಳ ಬರಹ ರೂಪ. ಆಡಿದ ಧಾಟಿಯನ್ನು ಆದಷ್ಟು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಹಬ್ಬದ ದಿನ ನಿಮ್ಮಲ್ಲಿ ಯಾರೂ ಮಕ್ಕಳಿಗೆ ‘ನೀರು ಉಳಿಸಿ’ ಎಂದು ಹೇಳಬೇಡಿ. ಇದು ನನ್ನ ಮೊದಲ ವಿನಂತಿ. ಆ ಮಾತು ಸುಳ್ಳೆಂದು ನಾನು ಹೇಳುತ್ತಿಲ್ಲ. ಆದರೆ ನಮ್ಮ ಮಕ್ಕಳು ಅದನ್ನು ಶಾಲೆಯ ಗೋಡೆಯ ಮೇಲೆ, ಬಸ್ಸಿನ ಹಿಂಬದಿಯಲ್ಲಿ, ಪಠ್ಯಪುಸ್ತಕದಲ್ಲಿ ಓದಿ ಓದಿ ಈಗ ಅದು ಅವರ ಕಿವಿಗೆ ಬೀಳುವುದೇ ಇಲ್ಲ. ಅದೂ ಅಲ್ಲದೆ, ನಳಕ್ಕೆ ನೀರು ಬಿಡುವ ದಿನ ನಸುಕಿನಲ್ಲೇ ಎದ್ದು ಹಂಡೆ, ಕೊಡ, ಬಕೀಟು ಎಲ್ಲ ತುಂಬಿಸಿಟ್ಟು, ಆಮೇಲೆ ತಲೆ ಬಾಚಿಕೊಂಡು ಶಾಲೆಗೆ ಬರುವ ಹುಡುಗಿಗೆ ನೀರು ಉಳಿಸುವುದನ್ನು ನಾವೇನು ಕಲಿಸೋಣ? ಆ ಪಾಠವನ್ನು ನಾವೇ ಅವಳ ಹತ್ತಿರ ಹೇಳಿಸಿಕೊಳ್ಳಬೇಕು. ಅವಳಿಗೆ ತಿಳಿಯದೆ ಉಳಿದಿರುವುದು ಬೇರೆ. ಆ ನೀರು ಎಲ್ಲಿಂದ ಬಂತು, ಎಷ್ಟು ಬಂತು, ಯಾಕೆ ನಿಂತಿತು? ಇವುಗಳನ್ನು ಅವಳು ತನ್ನ ಕೈಯಾರೆ ಅಳೆದು ಕಂಡುಕೊಳ್ಳುವಂತೆ ಮಾಡುವುದು ನಮ್ಮ ಕೆಲಸ. ಇಂದು ನಾನು ಹೇಳುವುದೆಲ್ಲ ಈ ಒಂದು ಮಾತಿನ ಸುತ್ತಲೇ ಇರುತ್ತದೆ.

ಇಂಥ ಹಬ್ಬಗಳ ಮೂಲ ನಮ್ಮ ಕಡೆಯದಲ್ಲ. ಅಮೆರಿಕದ ನೆಬ್ರಾಸ್ಕಾ ರಾಜ್ಯದ ಗ್ರ್ಯಾಂಡ್ ಐಲೆಂಡ್ ಎಂಬ ಊರಿನಲ್ಲಿ 1989ರಲ್ಲಿ ಮಕ್ಕಳಿಗಾಗಿ ಅಂತರ್ಜಲದ ಹಬ್ಬ ನಡೆಯಿತು. ಅಲ್ಲಿಂದ ಅದು ಬೇರೆ ಬೇರೆ ಕಡೆ ಹಬ್ಬಿತು. ಕೆನಡಾದ ಒಂಟಾರಿಯೊದಲ್ಲಿ 1996ರಿಂದ ಶುರುವಾದದ್ದಂತೂ ಹೆಸರುವಾಸಿಯಾಯಿತು. ಎಲ್ಲ ಕಡೆಯೂ ಮಾದರಿ ಒಂದೇ. ದೊಡ್ಡ ಬಯಲಿನಲ್ಲಿ ಅಲ್ಲಲ್ಲಿ ಮೇಜು ಹಾಕಿ, ಒಂದೊಂದು ಮೇಜಿನಲ್ಲಿ ಒಂದೊಂದು ಆಟ ಅಥವಾ ಪ್ರಯೋಗ ಇಡುತ್ತಾರೆ. ಮಕ್ಕಳು ಗುಂಪುಗುಂಪಾಗಿ ಒಂದರಿಂದ ಮತ್ತೊಂದಕ್ಕೆ ಹೋಗುತ್ತಾರೆ. ಪ್ರತಿ ಮೇಜಿಗೂ ಒಬ್ಬಿಬ್ಬರು ಸ್ವಯಂಸೇವಕರು. ಸಂಬಳದವರು ಬೆರಳೆಣಿಕೆಯಷ್ಟು, ಉಳಿದವರೆಲ್ಲ ನಿಮ್ಮ ಹಾಗೆ ಮನಸ್ಸಿನಿಂದ ಬಂದವರು. ಈ ಮಾದರಿ ನಮಗೂ ಒಪ್ಪುತ್ತದೆ. ಮೇಜಿನ ಮೇಲೆ ಇಡುವ ಪ್ರಯೋಗಗಳು ಮಾತ್ರ ಇದ್ದದ್ದು ಇದ್ದ ಹಾಗೆ ನಮಗೆ ಹೊಂದುವುದಿಲ್ಲ. ಯಾಕೆ ಎನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಮ್ಮ ಹಬ್ಬದ ಜೀವ ಅಲ್ಲೇ ಇದೆ.

ಆ ಹಬ್ಬಗಳಲ್ಲಿ ಅಂತರ್ಜಲವನ್ನು ತೋರಿಸಲು ಗಾಜಿನ ತೊಟ್ಟಿಯಲ್ಲಿ ಮರಳು ಮತ್ತು ಸಣ್ಣ ಹರಳು ತುಂಬುತ್ತಾರೆ. ಮೇಲಿಂದ ನೀರು ಹಾಕಿದರೆ ಅದು ಸರಾಗ ಇಳಿದು ಕೆಳಗೆ ಒಂದು ಮಟ್ಟಕ್ಕೆ ನಿಲ್ಲುತ್ತದೆ. ಎಲ್ಲಿ ನಳಿಕೆ ಚುಚ್ಚಿದರೂ ನೀರು ಬರುತ್ತದೆ. ನೆಬ್ರಾಸ್ಕಾದ ಮಟ್ಟಿಗೆ ಅದು ಸರಿ. ಅವರ ಕಾಲ ಕೆಳಗೆ ಓಗಲಾಲ ಎಂಬ ಮರಳು-ಹರಳಿನ ಭಾರಿ ಜಲಪದರವೇ ಇದೆ. ನಮ್ಮ ಕಾಲ ಕೆಳಗೆ ಏನಿದೆ? ಜಿಲ್ಲೆಯ ಬಹುಭಾಗದಲ್ಲಿ ಕರಿಕಲ್ಲು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಪದರ ಪದರವಾಗಿ ಹರಿದು, ತಣ್ಣಗಾಗಿ ಗಟ್ಟಿಯಾದ ದಖ್ಖನ್ನಿನ ಬಸಾಲ್ಟ್ ಶಿಲೆ. ತಾಳಿಕೋಟೆ ಕಡೆ ಹೋದರೆ ಸುಣ್ಣಕಲ್ಲು ಸಿಗುತ್ತದೆ, ಅದು ಬೇರೆ ಕತೆ. ಈ ಕರಿಕಲ್ಲಿನಲ್ಲಿ ನೀರು ನಿಲ್ಲುವುದು ಬಿರುಕುಗಳಲ್ಲಿ, ಒಂದು ಪದರಕ್ಕೂ ಇನ್ನೊಂದು ಪದರಕ್ಕೂ ನಡುವಿನ ಸಂದಿಯಲ್ಲಿ, ಮೇಲ್ಭಾಗದಲ್ಲಿ ಶಿಥಿಲವಾಗಿ ಗರಸಾದ ಕಲ್ಲಿನಲ್ಲಿ. ಉಳಿದ ಗಟ್ಟಿ ಕಲ್ಲಿನಲ್ಲಿ ಹನಿಯೂ ಇಲ್ಲ. ಮರಳು ತುಂಬಿದ ಕೊಡದಲ್ಲಿ ಮೂರರಲ್ಲಿ ಒಂದು ಪಾಲಿನಷ್ಟು ನೀರು ಹಿಡಿಯಬಹುದು. ನಮ್ಮ ಶಿಥಿಲ ಬಸಾಲ್ಟ್ ಬಿಟ್ಟುಕೊಡುವ ನೀರು ನೂರಕ್ಕೆ ಒಂದರಿಂದ ಮೂರು ಪಾಲು.

ಈಗ ಮರಳಿನ ತೊಟ್ಟಿಯನ್ನು ನಮ್ಮ ಇಂಡಿ, ಸಿಂದಗಿ, ಬಬಲೇಶ್ವರದ ಮಕ್ಕಳ ಮುಂದೆ ಇಟ್ಟರೆ ಏನಾಗುತ್ತದೆ? ಹೋದ ಸಲ ಒಬ್ಬ ಹುಡುಗ ನೇರವಾಗಿ ಕೇಳಿದ: “ಅಕ್ಕೋರ, ಇದರಾಗ ಎಲ್ಲಿ ಚುಚ್ಚಿದ್ರೂ ನೀರ ಬರ್ತೈತಿ. ಮತ್ತ ನಮ್ಮ ಅಪ್ಪ ಹೊಡಸಿದ ಬೋರ್ ಯಾಕ ಒಣಾ ಹೋತ್ರೀ?” ಆ ಮಗು ತನ್ನ ಮನೆಯ ಸಾಲದ ಬಗ್ಗೆ ಕೇಳುತ್ತಿದೆ. ಆ ಪ್ರಶ್ನೆಗೆ ಉತ್ತರ ಕೊಡದ ತೊಟ್ಟಿ ನಮಗೆ ಬೇಡ.

ಅದಕ್ಕೇ ನಮ್ಮ ತೊಟ್ಟಿಯನ್ನು ಬೇರೆ ರೀತಿ ಕಟ್ಟಬೇಕು. ತಳಕ್ಕೆ ಕ್ರಷರಿನಿಂದ ತಂದ ದೊಡ್ಡ ದೊಡ್ಡ ಕರಿಕಲ್ಲಿನ ತುಂಡುಗಳನ್ನು ಒತ್ತೊತ್ತಾಗಿ ಜೋಡಿಸಿ. ಎರಡು ಕಡೆ ಮಾತ್ರ ನಡುವೆ ಬೆರಳು ತೂರುವಷ್ಟು ಸಂದು ಬಿಡಿ. ಉಳಿದ ಎಡೆಗಳನ್ನು ಮೆತ್ತನೆಯ ಜೇಡಿಮಣ್ಣಿನಿಂದ ಮುಚ್ಚಿ. ಅದರ ಮೇಲೆ ನಾಲ್ಕು ಬೆರಳು ಗರಸು. ಗರಸಿನ ಮೇಲೆ ಅರ್ಧ ಭಾಗಕ್ಕೆ ಎರಿ, ಅಂದರೆ ಕಪ್ಪು ಮಣ್ಣು, ಇನ್ನರ್ಧಕ್ಕೆ ಮಸಾರಿ, ಅಂದರೆ ಕೆಂಪು ಮಣ್ಣು. ಎರಿ ಮಣ್ಣನ್ನು ಒದ್ದೆ ಮಾಡಿ ಬಿಸಿಲಿಗಿಟ್ಟು, ಬಿರುಕು ಬಿಟ್ಟ ಮೇಲೆಯೇ ಹಬ್ಬಕ್ಕೆ ತರಬೇಕು. ಇದಕ್ಕೆ ವಾರ ಮೊದಲೇ ಕೂರಬೇಕಾಗುತ್ತದೆ.

ಆಮೇಲೆ ಮಗುವಿನ ಕೈಗೆ ತೂತು ಮಾಡಿದ ಡಬ್ಬಿ ಕೊಡಿ, ಮಳೆ ಸುರಿಸಲಿ. ಎರಿಯ ಕಡೆ ಮೊದಲ ನೀರು ಬಿರುಕಿನೊಳಗೆ ಗಟಗಟ ಇಳಿಯುತ್ತದೆ. ಸ್ವಲ್ಪ ಹೊತ್ತಿಗೆ ಮಣ್ಣು ಉಬ್ಬಿ ಬಿರುಕು ಮುಚ್ಚಿಕೊಂಡು ನೀರು ಮೇಲೆಯೇ ನಿಲ್ಲುತ್ತದೆ, ಆಮೇಲೆ ಹರಿದು ಹೋಗುತ್ತದೆ. ಮಸಾರಿಯ ಕಡೆ ನಿಧಾನವಾಗಿ ಇಳಿಯುತ್ತಲೇ ಇರುತ್ತದೆ. ನಮ್ಮ ಹೊಲದಲ್ಲಿ ಒಡ್ಡು ಯಾಕೆ ಹಾಕುತ್ತಾರೆ ಎಂದು ನೀವು ಹೇಳಬೇಕಾಗಿಲ್ಲ. ಮಕ್ಕಳೇ ಬೆರಳಿನಿಂದ ಮಣ್ಣನ್ನು ಸರಿಸಿ ಒಡ್ಡು ಹಾಕಲು ಶುರು ಮಾಡುತ್ತಾರೆ. ಅವರು ಮಾಡುತ್ತಿರುವಾಗ ದಯವಿಟ್ಟು ಸುಮ್ಮನಿರಿ.

ಮುಂದಿನದು ಬೋರು. ಸಲಾಯಿನ್ ನಳಿಕೆಯ ತುಂಡು, ತುದಿಗೆ ಸೂಜಿ ಇಲ್ಲದ ಸಿರಿಂಜ್. ಒಂದು ಮಗುವಿನ ನಳಿಕೆ ಸಂದಿಗೆ ಇಳಿಯುತ್ತದೆ, ನೀರು ಬರುತ್ತದೆ. ಪಕ್ಕದಲ್ಲೇ ಇನ್ನೊಂದು ಮಗುವಿನದು ಕಲ್ಲಿಗೆ ತಾಗಿ ನಿಲ್ಲುತ್ತದೆ, ಗಾಳಿ ಬರುತ್ತದೆ. ಆಮೇಲೆ ಒಂದೇ ಸಂದಿಗೆ ನಾಲ್ಕು ನಳಿಕೆ ಇಳಿಸಿ ನಾಲ್ವರೂ ಒಟ್ಟಿಗೆ ಎಳೆಯಲಿ. ಮೊದಲ ಮಗುವಿನ ಸಿರಿಂಜಿಗೂ ಗಾಳಿಯೇ. ಅಪ್ಪನ ಬೋರು ಯಾಕೆ ಒಣಗಿತು, ಪಕ್ಕದ ಹೊಲದಲ್ಲಿ ಹೊಸ ಬೋರು ಕೊರೆದ ಮೇಲೆ ಹಳೆಯ ಬಾವಿ ಯಾಕೆ ಬತ್ತಿತು, ಎರಡೂ ಆ ತೊಟ್ಟಿಯಲ್ಲಿ ಕಾಣುತ್ತವೆ. ಯಾರದೂ ತಪ್ಪು ಎಂದು ಬೆರಳು ತೋರಿಸುವ ಅಗತ್ಯ ಇಲ್ಲ. ನೀರು ಹಿಡಿಯುವ ಜಾಗವೇ ಅಷ್ಟು ಚಿಕ್ಕದು.

ಏಳನೆಯ ಇಯತ್ತೆ ದಾಟಿದ ಮಕ್ಕಳಿಗೆ ಲೆಕ್ಕವನ್ನೂ ಕೊಡಿ. ನಮ್ಮಲ್ಲಿ ವರ್ಷಕ್ಕೆ ಬೀಳುವ ಮಳೆ ಹೆಚ್ಚುಕಡಿಮೆ 600 ಮಿಲಿಮೀಟರ್. ಅದರಲ್ಲಿ ನೂರಕ್ಕೆ ಏಳು ಪಾಲು ಕಲ್ಲಿಗೆ ಇಳಿಯಿತು ಎಂದುಕೊಳ್ಳೋಣ. ಬಸಾಲ್ಟ್ ಪ್ರದೇಶಕ್ಕೆ ಅಂದಾಜು ಕಟ್ಟುವವರು ಬಳಸುವ ಲೆಕ್ಕ ಅದೇ. ಅಂದರೆ 42 ಮಿಲಿಮೀಟರ್. ಕಲ್ಲಿನಲ್ಲಿ ನೀರಿಗೆ ಜಾಗ ನೂರಕ್ಕೆ ಎರಡು ಪಾಲಾದರೆ, ಆ 42 ಮಿಲಿಮೀಟರ್ ನೀರು ಬಾವಿಯ ಮಟ್ಟವನ್ನು ಎರಡು ಮೀಟರಿಗೂ ಹೆಚ್ಚು ಏರಿಸುತ್ತದೆ. ಏರುವುದು ಎಷ್ಟು ಬೇಗವೋ ಇಳಿಯುವುದೂ ಅಷ್ಟೇ ಬೇಗ. ದೀಪಾವಳಿಗೆ ಕೈಗೆ ಎಟಕುವ ಬಾವಿ ಯುಗಾದಿ ಹೊತ್ತಿಗೆ ಯಾಕೆ ತಳ ಕಾಣುತ್ತದೆ ಎನ್ನುವುದು ಈ ಒಂದು ಭಾಗಾಕಾರದಲ್ಲಿದೆ. ಇದನ್ನು ಮಗು ತಾನೇ ಬಿಡಿಸಿದಾಗ ಮುಖದಲ್ಲಿ ಬರುವ ಕಳೆ ನೋಡಬೇಕು ನೀವು.

ಎರಡನೆಯ ಮೇಜಿನ ಮೇಲೆ ಒಂದು ತಗಡಿನ ಡಬ್ಬಿ ಇರುತ್ತದೆ. ಉದ್ದ, ಅಗಲ, ಎತ್ತರ ಎಲ್ಲ ಒಂದೊಂದು ಅಡಿ. ನಮ್ಮೂರಿನ ತಗಡಿನ ಕೆಲಸದವರು ಒಂದು ದಿನದಲ್ಲಿ ಮಾಡಿಕೊಡುತ್ತಾರೆ. ನೋಡಲು ಏನೂ ವಿಶೇಷ ಇಲ್ಲ, ಆದರೆ ನನಗೆ ಇಡೀ ಹಬ್ಬದಲ್ಲಿ ತೀರಾ ಪ್ರಿಯವಾದ ವಸ್ತು ಇದು. ಮಳೆಗಾಲ ಬಂತೆಂದರೆ ಪತ್ರಿಕೆಯಲ್ಲಿ ದಿನಾ ಓದುತ್ತೀರಿ, ಆಲಮಟ್ಟಿಯಲ್ಲಿ ಇಂದು ಇಷ್ಟು ಟಿಎಂಸಿ. ಹಿರಿಯರೂ ಆ ಸಂಖ್ಯೆಯನ್ನು ಕ್ರಿಕೆಟ್ ಸ್ಕೋರಿನ ಹಾಗೆ ಓದಿ ಮಡಚಿಡುತ್ತಾರೆ. ಮಗು ಈ ಡಬ್ಬಿಯನ್ನು ಕೊಡದಿಂದ ತುಂಬಿಸಲಿ. ಸುಮಾರು 28 ಲೀಟರ್ ಹಿಡಿಯುತ್ತದೆ, ಅಂದರೆ ಹೆಚ್ಚುಕಡಿಮೆ ಎರಡು ಕೊಡ. ಇಂಥ ನೂರು ಕೋಟಿ ಡಬ್ಬಿ ಸೇರಿದರೆ ಒಂದು ಟಿಎಂಸಿ. ಸಮುದ್ರಮಟ್ಟದಿಂದ 519.6 ಮೀಟರ್ ಎತ್ತರದವರೆಗೆ ತುಂಬಿದಾಗ ಆಲಮಟ್ಟಿಯಲ್ಲಿ ಇರುವುದು 123 ಟಿಎಂಸಿ.

ಅಲ್ಲಿಗೆ ನಿಲ್ಲಿಸಬೇಡಿ. ಹಳ್ಳಿಯ ಮನೆಗಳಿಗೆ ನಳದ ನೀರು ಕೊಡುವ ಜಲ ಜೀವನ್ ಮಿಷನ್ ಒಬ್ಬರಿಗೆ ದಿನಕ್ಕೆ 55 ಲೀಟರ್ ಎಂದು ಗುರಿ ಇಟ್ಟುಕೊಂಡಿದೆ. ಅಂದರೆ ನಮ್ಮ ಡಬ್ಬಿಯಲ್ಲಿ ಎರಡು. 2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯ ಜನ 21.77 ಲಕ್ಷ. ಈ ಎಲ್ಲರಿಗೂ ವರ್ಷವಿಡೀ ದಿನಕ್ಕೆ 55 ಲೀಟರ್ ಕೊಟ್ಟರೆ ಎಷ್ಟಾಗುತ್ತದೆ? ಮಕ್ಕಳು ಗುಣಾಕಾರ ಮಾಡಿದರೆ ಒಂದೂವರೆ ಟಿಎಂಸಿಯ ಆಸುಪಾಸಿಗೆ ಬರುತ್ತಾರೆ. 123ರಲ್ಲಿ ಒಂದೂವರೆ! ಉಳಿದದ್ದು ಎಲ್ಲಿ ಹೋಗುತ್ತದೆ ಎಂದು ಆಗ ಅವರೇ ಕೇಳುತ್ತಾರೆ. ಹೊಲ, ಕಬ್ಬು, ಕಾರ್ಖಾನೆ, ವಿದ್ಯುತ್ತು, ಕೆಳಗಿನ ಜಿಲ್ಲೆಗಳು, ಕೆಳಗಿನ ರಾಜ್ಯಗಳು, ಆವಿ. ಇನ್ನೂ ಒಂದು ಪ್ರಶ್ನೆ ಖಂಡಿತ ಬರುತ್ತದೆ: “ಹಂಗಾದ್ರ ನಮ್ಮ ನಳಕ್ಕ ಯಾಕ ನೀರ ಬರೂದಿಲ್ರಿ?” ಈ ಪ್ರಶ್ನೆಯನ್ನು ನಕ್ಕು ತೇಲಿಸಬೇಡಿ. ನದಿಯಿಂದ ಊರಿಗೆ ದೂರ ಎಷ್ಟು, ಏರು ಎಷ್ಟು, ಪಂಪಿಗೆ ವಿದ್ಯುತ್ತು ಬೇಕು, ಪೈಪು ಸೋರುತ್ತದೆ, ಟಾಕಿ ಚಿಕ್ಕದು, ಊರು ಬೆಳೆದಿದೆ. ಗೊತ್ತಿರುವಷ್ಟನ್ನು ನೇರವಾಗಿ ಹೇಳಿ. ಜಲಾಶಯದಲ್ಲಿ ನೀರು ಇರುವುದೇ ಬೇರೆ, ಮನೆಯ ಕೊಡಕ್ಕೆ ನೀರು ಬರುವುದೇ ಬೇರೆ ಎಂದು ಹನ್ನೆರಡು ವರ್ಷದ ಮಗುವಿಗೆ ಅರ್ಥವಾದರೆ, ಮುಂದೆ ಅದು ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳುವ ಪ್ರಶ್ನೆಯೇ ಬೇರೆ ಇರುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಆಲಮಟ್ಟಿಗೆ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟದ್ದು 1964ರ ಮೇ 22ರಂದು. ಆ ನೀರು ನಿಂತಾಗ ಎಷ್ಟೋ ಊರುಗಳು ಮುಳುಗಿದವು. ಹಳೆಯ ಬಾಗಲಕೋಟೆಯ ಒಂದು ಭಾಗವೇ ಹೋಯಿತು, ನವನಗರ ಎದ್ದಿತು. ಹೊಳೆಯಾಚೆಯಿಂದ ಬರುವ ಮಕ್ಕಳಲ್ಲಿ “ನಮ್ಮ ಮುತ್ಯಾನ ಮನಿ ನೀರಾಗ ಐತ್ರಿ” ಎನ್ನುವವರು ಇರುತ್ತಾರೆ. ಆಗ ಡಬ್ಬಿಯ ಲೆಕ್ಕವನ್ನು ಪಕ್ಕಕ್ಕಿಟ್ಟು ಆ ಮಗುವಿನ ಮಾತು ಕೇಳಿ. ಉಳಿದ ಮಕ್ಕಳೂ ಕೇಳಲಿ. ಅದಕ್ಕೆ ಹತ್ತು ನಿಮಿಷ ಹೋದರೂ ಸರಿ, ಮುಂದಿನ ಗುಂಪು ಕಾಯುತ್ತದೆ.

ಇನ್ನು ನಮ್ಮೂರಿನ ಹಳೆಯ ದೊಡ್ಡ ಬಾವಿ, ತಾಜ್ ಬಾವಡಿ. ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗುವ ತಂಡದಲ್ಲಿ ಇರುವವರು ಚೆನ್ನಾಗಿ ಓದಿಕೊಂಡು ಬರಬೇಕು, ಆದರೆ ಓದಿದ್ದನ್ನೆಲ್ಲ ಹೇಳಬಾರದು. 1620ರಲ್ಲಿ, ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಕಾಲದಲ್ಲಿ ಕಟ್ಟಿದ್ದು. ಮೆಕ್ಕಾ ದರ್ವಾಜಾದ ಹತ್ತಿರ ಇದೆ. ಅಷ್ಟು ಸಾಕು, ಇಸವಿಗಳ ಸರಮಾಲೆ ಬೇಡ. ಬಾವಿಯ ಒಂದೊಂದು ಬದಿ ಸುಮಾರು 220 ಅಡಿ. ಮಕ್ಕಳು ಹೆಜ್ಜೆ ಹಾಕಿ ಅಳೆಯಲಿ, ಆಮೇಲೆ ಟೇಪು ಹಿಡಿಯಲಿ. ಈಗ ಡಬ್ಬಿಯ ಲೆಕ್ಕಕ್ಕೆ ಬನ್ನಿ. ಬಾವಿಯಲ್ಲಿ ನೀರು ಒಂದೇ ಅಡಿ ಇಳಿದರೆ ಎಷ್ಟು ಡಬ್ಬಿ ಹೋಯಿತು? 220 ಗುಣಿಸು 220, ಅಂದರೆ 48,400 ಡಬ್ಬಿ. ದಿನಕ್ಕೆ ಎರಡು ಡಬ್ಬಿಯಂತೆ 24,200 ಜನಕ್ಕೆ ಒಂದು ದಿನದ ನೀರು. ಒಂದು ಅಡಿಯಲ್ಲಿ! ಇಷ್ಟು ದೊಡ್ಡ ಬಾವಿ ನಮ್ಮೂರಿನ ನಡುವೆ ಇದ್ದೂ, ಎಷ್ಟೋ ವರ್ಷ ಅದಕ್ಕೆ ಕಸ ಎಸೆದರು, ಗಣಪತಿ ಬಿಟ್ಟರು. ಹಿಂದಿನ ದಶಕದಲ್ಲಿ ಹೂಳು ತೆಗೆದು ಅದಕ್ಕೆ ಮತ್ತೆ ಉಸಿರು ಕೊಟ್ಟದ್ದು ಈ ಊರು ಮಾಡಿದ ಒಳ್ಳೆಯ ಕೆಲಸ. ನಾನು ಮನಸ್ಸು ತುಂಬಿ ಹೇಳುತ್ತೇನೆ ಇದನ್ನು.

ಬಾವಡಿ ಒಂಟಿಯಲ್ಲ ಎನ್ನುವುದೂ ಮಕ್ಕಳಿಗೆ ಗೊತ್ತಾಗಬೇಕು. ಪಶ್ಚಿಮದ ತೊರವಿಯಿಂದ ನೆಲದೊಳಗಿನ ಸುರಂಗದಲ್ಲಿ ನೀರು ಊರಿಗೆ ಬರುತ್ತಿತ್ತು. ಮೇಲಿಂದ ಗಾಳಿಕಂಡಿಗಳು, ಒಳಗೆ ಸಣ್ಣ ಇಳಿಜಾರು. ಪಂಪು ಇಲ್ಲ, ವಿದ್ಯುತ್ತು ಇಲ್ಲ. ದಕ್ಷಿಣಕ್ಕೆ ಬೇಗಂ ತಲಾಬ್, 1651ರಲ್ಲಿ ಮುಹಮ್ಮದ್ ಆದಿಲ್‌ಶಾಹ ಕಟ್ಟಿಸಿದ್ದು. ಅಲ್ಲಿಂದ ಮಣ್ಣಿನ ಕೊಳವೆಗಳಲ್ಲಿ ನೀರು ಊರೊಳಕ್ಕೆ ಹರಿಯುತ್ತಿತ್ತು. ದಾರಿಯಲ್ಲಿ ಅಲ್ಲಲ್ಲಿ ಗಂಜ್ ಎಂಬ ಕಲ್ಲಿನ ಗೋಪುರಗಳು. ನೀವೂ ಎಷ್ಟೋ ಸಲ ಅವುಗಳ ಪಕ್ಕದಿಂದ ಗಾಡಿ ಓಡಿಸಿಕೊಂಡು ಹೋಗಿರುತ್ತೀರಿ. ಕೊಳವೆಯಲ್ಲಿ ಬರುವ ನೀರು ಆ ಗೋಪುರದೊಳಗೆ ಏರಿ ಒತ್ತಡ ಕಳೆದುಕೊಳ್ಳುತ್ತಿತ್ತು, ಹೂಳು ಕೆಳಗೆ ಕೂರುತ್ತಿತ್ತು, ಮುಂದಿನ ಕೊಳವೆ ಒಡೆಯದೆ ಉಳಿಯುತ್ತಿತ್ತು. ಇದನ್ನು ತೋರಿಸಲು ಎರಡು ಬಾಟಲಿ, ಪಾರದರ್ಶಕ ಪೈಪು ಸಾಕು. ಎತ್ತರದ ಬಾಟಲಿಯಿಂದ ನೇರ ಪೈಪು ಬಿಟ್ಟರೆ ಬಾಯಲ್ಲಿ ನೀರು ಚಿಮ್ಮುತ್ತದೆ. ನಡುವೆ ಬಾಯಿ ತೆರೆದ ಬಾಟಲಿ ಇಟ್ಟರೆ ಸೌಮ್ಯವಾಗಿ ಹರಿಯುತ್ತದೆ. ನಾನೂರು ವರ್ಷದ ಹಿಂದಿನ ಎಂಜಿನಿಯರು ಏನು ಯೋಚಿಸಿದ ಎಂದು ಐದನೆಯ ಇಯತ್ತೆಯ ಮಗು ಐದು ನಿಮಿಷದಲ್ಲಿ ಹಿಡಿದುಬಿಡುತ್ತದೆ. ಗೋಳಗುಮ್ಮಟ ನೋಡಲು ಊರೂರಿಂದ ಜನ ಬರುತ್ತಾರೆ. ಗಂಜ್ ನೋಡಲು ಯಾರೂ ಬರುವುದಿಲ್ಲ. ನಮ್ಮ ಮಕ್ಕಳಾದರೂ ನೋಡಲಿ.

ಬಾವಡಿಯ ಅಂಚಿಗೆ ಮಾತ್ರ ಯಾರನ್ನೂ ಬಿಡಬೇಡಿ. ಹಗ್ಗ ಕಟ್ಟಿ, ಹತ್ತು ಮಕ್ಕಳಿಗೆ ಒಬ್ಬರಂತೆ ನಿಂತುಕೊಳ್ಳಿ, ಒಳಗೆ ಹೋಗುವಾಗ ಮತ್ತು ಹೊರಗೆ ಬರುವಾಗ ತಲೆ ಎಣಿಸಿ. ಇದರಲ್ಲಿ ಸಡಿಲಿಕೆ ಇಲ್ಲವೇ ಇಲ್ಲ.

ದಾಳದ ಆಟದ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಮಗು ತಾನೇ ನೀರಿನ ಹನಿಯಾಗಿ, ದಾಳ ಎಸೆದು ಒಂದು ಜಾಗದಿಂದ ಇನ್ನೊಂದಕ್ಕೆ ಹೋಗುವ ಆಟ. ಹೊರದೇಶದ ಹಬ್ಬಗಳಲ್ಲಿ ಹಿಮನದಿಯ ಜಾಗ ಇರುತ್ತದೆ. ನಾವು ಅದರ ಬದಲು ಎರಿ ಹೊಲ ಇಟ್ಟಿದ್ದೇವೆ. ಆ ದಾಳದ ಆರು ಮುಖಗಳಲ್ಲಿ ನಾಲ್ಕರ ಮೇಲೆ ‘ಇಲ್ಲೇ ಇರು’ ಎಂದು ಬರೆದಿರುತ್ತದೆ. ಎರಿ ಮಣ್ಣು ನೀರನ್ನು ಹಿಡಿದರೆ ಬಿಡುವುದಿಲ್ಲ, ಅದಕ್ಕೇ ಹಿಂಗಾರಿಯಲ್ಲಿ ಮಾಲದಂಡಿ ಜೋಳ ಹೆಚ್ಚು ಮಳೆ ಇಲ್ಲದೆ, ಮಣ್ಣಿನೊಳಗಿನ ಹಸಿಯ ಮೇಲೆಯೇ ತೆನೆ ಕಟ್ಟುತ್ತದೆ. ಉಳಿದ ಎರಡು ಮುಖಗಳಲ್ಲಿ ಒಂದು ‘ಜೋಳದ ತೆನೆ’, ಇನ್ನೊಂದು ‘ಡೋಣಿ’, ನಮ್ಮ ಕಡೆಯ ಹೊಳೆ. ಡೋಣಿಗೆ ಹೋದ ಹನಿ ತಾಳಿಕೋಟೆ ದಾಟಿ ಕೃಷ್ಣೆಗೆ, ಕೃಷ್ಣೆಯಿಂದ ಬಂಗಾಳ ಕೊಲ್ಲಿಗೆ. ‘ಡೋಣಿ ಬೆಳೆದ್ರ ಓಣಿಯೆಲ್ಲಾ ಕಾಳು’ ಎಂದು ನಮ್ಮ ಹಿರಿಯರು ಹೇಳುತ್ತಿದ್ದ ಮಾತು ಮಕ್ಕಳ ಬಾಯಲ್ಲಿ ಬರಲಿ. ಅದೇ ಡೋಣಿಯ ನೀರು ಉಪ್ಪು ಎನ್ನುವುದನ್ನು ಪಕ್ಕದ ಮೇಜಿನಲ್ಲಿ ಲವಣಾಂಶ ಅಳೆಯುವ ಮೀಟರ್ ಅದ್ದಿ ನೋಡಲಿ. ಡೋಣಿ, ಕೃಷ್ಣಾ, ಬೋರು, ಮಳೆ, ನಾಲ್ಕು ಲೋಟ. ಬೆಲೆ ಕಡಿಮೆಯ ಮೀಟರೇ ಸಾಕು.

ನೀರಿನ ಗುಣ ಪರೀಕ್ಷಿಸುವ ಮೇಜಿನಲ್ಲಿ ಕೂರುವವರು ಮೃದು ಮನಸ್ಸಿನವರಾಗಿರಬೇಕು. ಮಕ್ಕಳು ಮನೆಯಿಂದ ನೀರು ತರುತ್ತಾರೆ. ಬ್ಯಾಕ್ಟೀರಿಯಾ ಪರೀಕ್ಷೆಯ ಸಣ್ಣ ಶೀಶೆಯಲ್ಲಿ ಆ ನೀರು ಹಾಕಿ ಒಂದೆರಡು ದಿನ ಇಟ್ಟರೆ, ಕೆಟ್ಟ ನೀರು ಕಪ್ಪಾಗುತ್ತದೆ. ಯಾರ ಮನೆಯದು ಕಪ್ಪಾಯಿತು ಎಂದು ಎಲ್ಲರ ಮುಂದೆ ಓದಬೇಡಿ. ಶೀಶೆಗೆ ಸಂಖ್ಯೆ ಮಾತ್ರ ಹಾಕಿ, ಫಲಿತಾಂಶವನ್ನು ಆ ಶಾಲೆಯ ಶಿಕ್ಷಕರಿಗೆ ಕೊಡಿ, ಮನೆಯಲ್ಲಿ ನೀರು ಕುದಿಸಿ ಕುಡಿಯಲು ಹೇಳಿಕಳಿಸಿ. ಫ್ಲೋರೈಡ್ ವಿಷಯ ಇನ್ನೂ ಸೂಕ್ಷ್ಮ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ಚಿಕ್ಕಂದಿನಿಂದ ಕುಡಿದರೆ ಹಲ್ಲು ಕಂದುಗಟ್ಟುತ್ತದೆ. ಅಂಥ ಹಲ್ಲಿನ ಮಕ್ಕಳು ನಿಮ್ಮ ಎದುರೇ ನಿಂತಿರುತ್ತಾರೆ, ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗುತ್ತಾರೆ. ಅದು ನೀರಿನಿಂದ ಆದದ್ದು, ಹಲ್ಲು ಉಜ್ಜದೆ ಆದದ್ದಲ್ಲ ಎಂದು ಇಡೀ ಗುಂಪಿಗೆ ಸಹಜವಾಗಿ ಹೇಳಿ. ಯಾರ ಕಡೆಗೂ ನೋಡದೆ ಹೇಳಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಅಂಶ ಹೆಚ್ಚುತ್ತದೆ ಎನ್ನುವುದನ್ನೂ ಮರೆಯದೆ ಸೇರಿಸಿ. ಈ ಎರಡು ಮಾತು ಒಂದಕ್ಕೊಂದು ಬೆರೆತು ಮನೆಗೆ ತಪ್ಪು ಸಂದೇಶ ಹೋಗಬಾರದು.

ಕೊಡದ ಮೇಜು ಒಂದು ಇದೆ. ಅಲ್ಲಿ ಪ್ರಯೋಗ ಇಲ್ಲ, ತುಂಬಿದ ಕೊಡ ಹೊತ್ತು ಬಯಲಿನ ಒಂದು ಸುತ್ತು ಹಾಕುವುದು, ಅಷ್ಟೇ. 14 ಲೀಟರಿನ ಕೊಡ ಎಂದರೆ 14 ಕಿಲೋ ಭಾರ, ಮೇಲೆ ಕೊಡದ ತೂಕ ಬೇರೆ. ಮೊದಲು ಹುಡುಗರಿಂದ ಹೊರಿಸಿ. ಅರ್ಧ ದಾರಿಗೆ ನೀರು ತುಳುಕಿ ಅಂಗಿ ಒದ್ದೆಯಾಗುತ್ತದೆ, ಸೊಂಟದ ಮೇಲೆ ಕೂರಿಸುವುದು ತಿಳಿಯುವುದಿಲ್ಲ. ಆಗ ಹುಡುಗಿಯರನ್ನು ಕರೆದು ‘ಹೇಳಿಕೊಡವ್ವಾ’ ಎನ್ನಿ. ವರ್ಗದಲ್ಲಿ ಎಂದೂ ಬಾಯಿ ಬಿಡದ ಹುಡುಗಿ ಅಲ್ಲಿ ಗುರುವಾಗುತ್ತಾಳೆ. ಸಿಂಬಿ ಹೇಗೆ ಸುತ್ತಬೇಕು, ಹೆಜ್ಜೆ ಎಷ್ಟು ಇಡಬೇಕು, ನೀರಿನ ಮೇಲೆ ಎಲೆ ತೇಲಿಬಿಟ್ಟರೆ ತುಳುಕುವುದಿಲ್ಲ. ಮನೆಯಲ್ಲಿ ನೀರು ಯಾರು ತರುತ್ತಾರೆ ಎಂದು ಆಮೇಲೆ ಗುಂಪಿಗೆ ಕೇಳಿ, ಕೈ ಎತ್ತಿಸಿ, ಹಲಗೆಯ ಮೇಲೆ ಗೀಟು ಹಾಕಿಸಿ. ಭಾಷಣ ಬೇಡ. ಹುಡುಗರು ಆ ಗೀಟುಗಳನ್ನೇ ನೋಡುತ್ತಾ ನಿಲ್ಲುತ್ತಾರೆ. ಇಷ್ಟು ವರ್ಷ ಮಕ್ಕಳ ನಡುವೆ ಇದ್ದವಳಾಗಿ ಹೇಳುತ್ತೇನೆ, ಇಡೀ ಹಬ್ಬದಲ್ಲಿ ಅತಿ ಮುಖ್ಯವಾದ ಪಾಠ ನಡೆಯುವುದು ಈ ಮೇಜಿನಲ್ಲಿ.

ಭಾಷೆಯ ಮಾತು. ನಮ್ಮ ಹಬ್ಬಕ್ಕೆ ಬರುವ ಮಕ್ಕಳ ಮನೆಮಾತು ಕನ್ನಡ, ಉರ್ದು, ಮರಾಠಿ, ಲಂಬಾಣಿ. ನಿಮ್ಮಲ್ಲಿ ಯಾರಿಗೆ ಯಾವ ಮಾತು ಬರುತ್ತದೆ ಎಂದು ಬರೆದುಕೊಡಿ, ಮೇಜುಗಳಿಗೆ ಹಾಗೆ ಹಂಚೋಣ. ತಾಂಡಾದಿಂದ ಬಂದ ಮಗುವಿಗೆ ಅದರ ಮಾತಿನಲ್ಲಿ ಒಮ್ಮೆ ‘ಪಾಣಿ’ ಎಂದು ನೋಡಿ, ಹಿಂದಿನ ಸಾಲಿನಿಂದ ಮುಂದಕ್ಕೆ ಬರುತ್ತದೆ. ಪುಸ್ತಕದ ಕನ್ನಡವನ್ನೂ ಸ್ವಲ್ಪ ಬದಿಗಿಡಿ. ನಮ್ಮ ಮಾತಿನಲ್ಲೇ ಹೇಳಿ.

ದಿನಾಂಕದ ಬಗ್ಗೆ ಚರ್ಚೆ ಇದೆ, ನನ್ನ ಅಭಿಪ್ರಾಯ ಹೇಳುತ್ತೇನೆ. ಮಾರ್ಚ್ 22 ವಿಶ್ವ ಜಲ ದಿನ, ಅಂದೇ ಮಾಡೋಣ ಎನ್ನುವವರಿದ್ದಾರೆ. ಮಾರ್ಚ್ ಎಂದರೆ ನಮ್ಮಲ್ಲಿ ಬಿಸಿಲು ಏರಿರುತ್ತದೆ, ಪರೀಕ್ಷೆ ಹತ್ತಿರ, ಹಳ್ಳ ಒಣಗಿರುತ್ತದೆ. ದೀಪಾವಳಿ ಮುಗಿದ ಮೇಲೆ, ಹಿಂಗಾರಿ ಜೋಳ ಮೊಣಕಾಲುದ್ದ ಬೆಳೆದಾಗ ಮಾಡಿದರೆ ಬಾವಿಯಲ್ಲಿ ನೀರು, ಮಣ್ಣಿನಲ್ಲಿ ಹಸಿ, ಕೆರೆಯಲ್ಲಿ ಹಕ್ಕಿ, ಎಲ್ಲ ಕಾಣುತ್ತದೆ. ನೀರು ಇಲ್ಲದ್ದನ್ನು ನಮ್ಮ ಮಕ್ಕಳು ಬೇಕಾದಷ್ಟು ನೋಡಿದ್ದಾರೆ. ನೀರು ಇರುವುದನ್ನು ಅಳೆಯಲಿ.

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು, ಅವನ್ನೂ ಇಲ್ಲಿ ಸೇರಿಸುತ್ತೇನೆ.

ಒಬ್ಬ ತಂಗಿ ಕೇಳಿದಳು: “ಅಕ್ಕೋರ, ನಾ ಬಿ.ಎ. ಓದಾಕತ್ತೀನ್ರಿ, ವಿಜ್ಞಾನ ಗೊತ್ತಿಲ್ಲ. ನನ್ನ ಕೈಲೆ ಆಗ್ತೈತೇನ್ರಿ?” ಖಂಡಿತ ಆಗುತ್ತದೆ ತಂಗೀ. ನಿನಗೆ ಬೇಕಾದದ್ದು ಭಾಗಾಕಾರ, ಗುಣಾಕಾರ, ಮತ್ತು ಮಗು ತಡವರಿಸುವಾಗ ಬಾಯಿ ಹಾಕದೆ ಕಾಯುವ ತಾಳ್ಮೆ. ವಿಜ್ಞಾನ ಓದಿದವರು ಉತ್ತರವನ್ನು ಬೇಗ ಹೇಳಿಬಿಡುತ್ತಾರೆ, ಹಾಗಾಗಿ ನಿನ್ನಂಥವರು ಮೇಜಿಗೊಬ್ಬರು ಇರಲೇಬೇಕು.

ಮಗು ಕೇಳಿದ್ದಕ್ಕೆ ಉತ್ತರ ತಿಳಿಯದಿದ್ದರೆ ಏನು ಮಾಡೋಣ ಎಂದು ಇನ್ನೊಬ್ಬರು ಕೇಳಿದರು. ಪ್ರತಿ ಮೇಜಿನ ಪಕ್ಕ ಒಂದು ಹಲಗೆ ಇಡುತ್ತೇವೆ. ಪ್ರಶ್ನೆಯನ್ನು ಮಗುವಿನ ಕೈಯಿಂದಲೇ ಬರೆಸಿ, ಶಾಲೆಯ ಹೆಸರು ಹಾಕಿಸಿ. ಭೂವಿಜ್ಞಾನ, ಕೃಷಿ ತಿಳಿದವರನ್ನು ಕೇಳಿ ಹದಿನೈದು ದಿನದೊಳಗೆ ಆ ಶಾಲೆಗೆ ಕಾಗದ ಬರೆಯುತ್ತೇವೆ. ಅಂಚೆಯಲ್ಲಿ ತನ್ನ ಹೆಸರಿಗೆ ಕಾಗದ ಬಂದರೆ ಮಗು ಅದನ್ನು ವರ್ಷಗಟ್ಟಲೆ ಕಾಪಾಡುತ್ತದೆ. ಈ ಕಾಗದ ಬರೆಯುವ ಕೆಲಸಕ್ಕೂ ಮೂರು ನಾಲ್ಕು ಜನ ಬೇಕು. ಹಬ್ಬದ ದಿನ ಬರಲಾಗದವರು ಇದನ್ನು ವಹಿಸಿಕೊಳ್ಳಬಹುದು.

ಹಬ್ಬ ಮುಗಿದ ಮೇಲೆ ಏನು ಎಂದು ಒಬ್ಬ ಶಿಕ್ಷಕರು ಕೇಳಿದರು. ಪ್ರತಿ ಶಾಲೆಗೆ ಒಂದು ಮಳೆಮಾಪಕ ಕೊಟ್ಟು ಕಳಿಸುತ್ತೇವೆ. ಗೋಡೆ ನೆಟ್ಟಗಿರುವ ಬಾಟಲಿಯ ಮೇಲ್ಭಾಗ ಕತ್ತರಿಸಿ, ತಲೆಕೆಳಗು ಮಾಡಿ ಅದರ ಬಾಯಿಗೆ ಕೂರಿಸಿದ್ದು, ಪಕ್ಕಕ್ಕೆ ಅಳತೆಪಟ್ಟಿ ಅಂಟಿಸಿದ್ದು. ತಳದ ಉಬ್ಬುತಗ್ಗು ಮುಚ್ಚುವಷ್ಟು ನೀರು ಮೊದಲೇ ಹಾಕಿ, ಅಲ್ಲಿಂದ ಸೊನ್ನೆ ಎಣಿಸಬೇಕು. ಜೊತೆಗೆ ಒಂದು ನೋಟುಬುಕ್ಕು. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ನೂರು ಚದರ ಮೀಟರಿನ ಶಾಲೆಯ ಮಾಳಿಗೆಗೆ ವರ್ಷದ 600 ಮಿಲಿಮೀಟರ್ ಎಂದರೆ 60,000 ಲೀಟರ್. ಸೋರಿದ್ದು, ಆವಿಯಾದದ್ದು ಕಳೆದರೂ 45,000ಕ್ಕೆ ಮೋಸವಿಲ್ಲ. ನಮ್ಮ ಕಡೆ ಸೆಪ್ಟೆಂಬರಿನಲ್ಲಿ ಮಳೆ ಜೋರು, ಆ ತಿಂಗಳಂತೂ ಒಂದು ದಿನವೂ ತಪ್ಪದೆ ಬರೆಯಬೇಕು. ನೋಟುಬುಕ್ಕು ತುಂಬಿದ ಶಾಲೆಯ ಮಕ್ಕಳೇ ಮುಂದಿನ ವರ್ಷ ಮಳೆಮಾಪಕದ ಮೇಜಿನ ಸ್ವಯಂಸೇವಕರು.

ಕೊನೆಗೆ ಸಾಮಾನು ಏನೇನು ಬೇಕು ಎಂದು ಕೇಳಿದರು. ತೊಟ್ಟಿಗೆ ಗಾಜಿನ ಮೀನಿನ ಪೆಟ್ಟಿಗೆ ಆದೀತು, ಹಳೆಯದಿದ್ದರೆ ತನ್ನಿ. ಎರಿ ಮಣ್ಣು ಹೊಲ ಇರುವವರು ಒಂದು ಚೀಲ ತರಲಿ, ಗರಸು ಮತ್ತು ಮಸಾರಿ ಅರ್ಧ ಅರ್ಧ ಚೀಲ. ಸಿರಿಂಜ್ ಹೊಸದೇ ಆಗಬೇಕು, ಔಷಧದ ಅಂಗಡಿಯಲ್ಲಿ ಸೂಜಿ ಇಲ್ಲದ್ದನ್ನು ಕೇಳಿ. ಸಲಾಯಿನ್ ನಳಿಕೆಯೂ ಹೊಸದೇ ಇರಲಿ. ತಾಮ್ರದ ಕೊಡ ಬೇಡ, ಭಾರ, ಸ್ಟೀಲಿನದು ತನ್ನಿ. ಕುಡಿಯುವ ನೀರಿಗೆ ಪ್ಲಾಸ್ಟಿಕ್ ಬಾಟಲಿ ಹಂಚುವುದಿಲ್ಲ, ಮಡಕೆ ಮತ್ತು ಸ್ಟೀಲ್ ಲೋಟ ಇಡೋಣ. ಮೇಜುಗಳಲ್ಲಿ ಬಳಸಿದ ನೀರನ್ನೆಲ್ಲ ಒಂದು ಡ್ರಮ್ಮಿಗೆ ಸುರಿದು ಸಂಜೆ ಬಯಲಿನ ಬೇವಿನ ಗಿಡಗಳಿಗೆ ಹಾಕಬೇಕು, ಡೋಣಿಯ ಉಪ್ಪುನೀರು ಮಾತ್ರ ಅದರಲ್ಲಿ ಸೇರದ ಹಾಗೆ ನೋಡಿಕೊಳ್ಳಿ. ಬುತ್ತಿ ನೀವೇ ಕಟ್ಟಿಕೊಂಡು ಬನ್ನಿ. ತೊಟ್ಟಿ ಕಟ್ಟುವ ಅಭ್ಯಾಸ ಬರುವ ಭಾನುವಾರ ಬೆಳಿಗ್ಗೆ, ಇದೇ ಅಂಗಳದಲ್ಲಿ. ಕರಿಕಲ್ಲು ತರಲು ಟ್ರ್ಯಾಕ್ಟರ್ ಇರುವವರು ಈಗಲೇ ಹೆಸರು ಬರೆಸಿ ಹೋಗಿ.